ಕೂತರೆ ಉರಿ, ನಿಂತರೆ ಸುಮ್ಮನೆ: ‘ಆ ಜಾಗ’ದ ನರದ ನೋವಿಗೆ ಏನೇನು ಚಿಕಿತ್ಸೆ ಇದೆ?

ಮೈಸೂರಿನಲ್ಲಿ ನನ್ನದೊಂದು ಔಷಧಿ ಅಂಗಡಿ. ಇಷ್ಟು ವರ್ಷ ಕೌಂಟರ್ ಹಿಂದೆ ನಿಂತ ಮೇಲೆ ಯಾರು ಯಾಕೆ ಕಾಯುತ್ತಿದ್ದಾರೆ ಅನ್ನುವುದು ಮುಖ ನೋಡಿದರೇ ತಿಳಿಯುತ್ತದೆ. ಕೆಲವರು ಬಂದು ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಬೇರೆ ಗಿರಾಕಿಗಳೆಲ್ಲ ಹೋಗಲಿ ಎಂದು ಕಾದು, ಆಮೇಲೆ ಹತ್ತಿರ ಬಂದು ದನಿ ತಗ್ಗಿಸುತ್ತಾರೆ. “ಮೇಡಂ, ಮೂಲವ್ಯಾಧಿಗೆ ಒಳ್ಳೇದೊಂದು ಮುಲಾಮು ಕೊಡಿ.” ರಕ್ತ ಹೋಗುತ್ತಾ ಎಂದರೆ ಇಲ್ಲ. ಗಂಟು ಕೈಗೆ ಸಿಗುತ್ತಾ ಎಂದರೆ ಅದೂ ಇಲ್ಲ. “ಉರಿ ಮೇಡಂ. ಕೂತ್ರೆ ಸಾಕು, ಉರಿ.”

ಇವರಲ್ಲಿ ಹೆಚ್ಚಿನವರಿಗೆ ಇರುವುದು ಮೂಲವ್ಯಾಧಿಯೋ ಆ ಜಾಗದ ಚರ್ಮದ ಬಿರುಕೋ ನಿಜ. ಆದರೆ ವರ್ಷಗಟ್ಟಲೆ ಅದೇ ಮುಲಾಮು ಒಯ್ಯುತ್ತ, ಒಂದಿಷ್ಟೂ ಗುಣ ಕಾಣದೆ ಮತ್ತೆ ಬರುವ ಕೆಲವರಿದ್ದಾರೆ. ಅವರಲ್ಲಿ ನನ್ನ ಚಿಕ್ಕಮ್ಮನೂ ಒಬ್ಬರು ಅಂತ ನನಗೆ ಗೊತ್ತಾಗಿದ್ದು ತೀರಾ ತಡವಾಗಿ. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಊರು ಮದ್ದೂರಿನ ಕಡೆ.

ಮನೆಯ ಮದುವೆಯೊಂದರಲ್ಲಿ ಅವರು ಊಟದ ಪಂಕ್ತಿಗೆ ಕೂರಲೇ ಇಲ್ಲ. ಬಡಿಸುತ್ತೀನಿ ಎಂದು ನಿಂತೇ ಇದ್ದರು. ಕೊನೆಯ ಪಂಕ್ತಿಯಲ್ಲಿ ನಾನೇ ಬಲವಂತ ಮಾಡಿ ಕೂರಿಸಿದೆ. ಕುರ್ಚಿಯ ಅಂಚಿಗೆ, ಒಂದೇ ಪಕ್ಕಕ್ಕೆ ಭಾರ ಹಾಕಿ ಕೂತರು, ಎಡಗೈಯನ್ನು ಕುರ್ಚಿಗೆ ಒತ್ತಿ ಮೈ ಎತ್ತಿಕೊಂಡೇ ಉಂಡರು. ಸಂಜೆ ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ ಕೇಳಿದೆ.

“ಏನ್ ಹೇಳ್ಲವ್ವ. ಕುಂತ್ಕಂಡ್ರೆ ಕೆಂಡದ ಮ್ಯಾಲೆ ಕುಂತಂಗಾಯ್ತದೆ. ನಿಂತ್ರೆ ಸುಮ್ಕಾಯ್ತದೆ. ಒಳಗೇನೋ ಸಿಗಾಕ್ಕೊಂಡಂಗೆ ಇರ್ತದೆ, ಮುಕ್ಕುದ್ರೆ ಬರಕ್ಕಿಲ್ಲ. ಎರಡು ವರ್ಷಾಯ್ತು ಕಣವ್ವ.”

ಅಷ್ಟರಲ್ಲಿ ಅವರಿಗೆ ಮೂಲವ್ಯಾಧಿಯ ಆಪರೇಷನ್ ಒಂದು ಆಗಿಹೋಗಿತ್ತು. ಸೊಂಟದ ಎಂಆರ್‌ಐ ಆಗಿತ್ತು. ಡಿಸ್ಕ್ ಸ್ವಲ್ಪ ಉಬ್ಬಿದೆ ಎಂದು ಬೆಲ್ಟ್ ಕೊಟ್ಟಿದ್ದರು. ಡಾಕ್ಟರ ಹತ್ತಿರ ಚಿಕ್ಕಮ್ಮ ಹೇಳಿದ್ದು “ಸೊಂಟನೋವು” ಅಂತಷ್ಟೇ. ಎಲ್ಲಿ ಅನ್ನುವುದನ್ನು ಹೇಳಲು ಬಾಯಿ ಬರಲಿಲ್ಲವಂತೆ, ಪಕ್ಕದಲ್ಲಿ ಚಿಕ್ಕಪ್ಪ ಕೂತಿದ್ದರು.

ಈ ನೋವಿಗೆ ಒಂದು ಹೆಸರಿದೆ, ಪ್ಯುಡೆಂಡಲ್ ನ್ಯೂರಾಲ್ಜಿಯಾ. ನ್ಯೂರಾಲ್ಜಿಯಾ ಎಂದರೆ ನರದ ನೋವು. ಪ್ಯುಡೆಂಡಲ್ ಎಂಬುದು ಲ್ಯಾಟಿನ್ನಿನಲ್ಲಿ ‘ನಾಚಿಕೆ’ ಎಂಬ ಅರ್ಥದ ಮಾತಿನಿಂದ ಬಂದದ್ದು. ನಾವು ‘ಆ ಜಾಗ’ ಎಂದು ಮುಚ್ಚಿ ಹೇಳುವುದನ್ನು ಅವರು ಹೆಸರಿನಲ್ಲೇ ಮುಚ್ಚಿಟ್ಟಿದ್ದಾರೆ. ಚಿಕ್ಕಮ್ಮ ಕಳೆದುಕೊಂಡ ಎರಡು ವರ್ಷದಲ್ಲಿ ಬಹುಪಾಲು ಹೋದದ್ದು ಈ ನಾಚಿಕೆಗೇ. ಹಾಗಾಗಿ ಮುಂದೆ ನಾನು ಅಂಗಗಳ ಹೆಸರನ್ನು ನೇರವಾಗಿಯೇ ಬರೆಯುತ್ತೇನೆ.

ನರ ಹೋಗುವ ದಾರಿ

ಬೆನ್ನುಮೂಳೆಯ ಬುಡದಲ್ಲಿ, ಎರಡು ಪೃಷ್ಠಗಳ ಮೇಲೆ ಕೈಗೆ ಸಿಗುವ ತ್ರಿಕೋನಾಕಾರದ ಮೂಳೆಗೆ ಸೇಕ್ರಮ್ ಎನ್ನುತ್ತಾರೆ. ಅಲ್ಲಿಂದ ಹೊರಡುವ ಎರಡು, ಮೂರು, ನಾಲ್ಕನೇ ನರದ ಎಳೆಗಳು ಸೇರಿ ಪ್ಯುಡೆಂಡಲ್ ನರವಾಗುತ್ತದೆ. ಎಡಕ್ಕೊಂದು, ಬಲಕ್ಕೊಂದು. ಅದು ಮೊದಲು ಪೃಷ್ಠದ ಕಡೆಗೆ ಹೊರಬಂದು, ಮುಳ್ಳಿನ ಹಾಗೆ ಚಾಚಿರುವ ಒಂದು ಮೂಳೆತುದಿಯನ್ನು ಬಳಸಿ, ಮೂಳೆಗಳನ್ನು ಹಗ್ಗದ ಹಾಗೆ ಕಟ್ಟಿಹಿಡಿಯುವ ಎರಡು ಗಟ್ಟಿ ಅಸ್ಥಿರಜ್ಜುಗಳ ನಡುವಿನ ಸಂದಿಯಲ್ಲಿ ನುಸುಳಿ ಮತ್ತೆ ಒಳಗೆ ಹೋಗುತ್ತದೆ. ಆಮೇಲೆ ನಾವು ಕೂರುವ ಮೂಳೆಯ ಒಳಮಗ್ಗುಲಲ್ಲಿ, ಸ್ನಾಯುವಿನ ಪೊರೆಯೇ ಮಡಚಿ ಕೊಳವೆಯಾದಂಥ ಜಾಗದಲ್ಲಿ ಸಾಗುತ್ತದೆ. ಐರ್ಲೆಂಡಿನ ಅಂಗರಚನಾ ತಜ್ಞ ಬೆಂಜಮಿನ್ ಆಲ್ಕಾಕ್ 1836ರಲ್ಲಿ ಇದನ್ನು ವಿವರಿಸಿದ್ದರಿಂದ ಅದಕ್ಕೆ ಆಲ್ಕಾಕ್ ಕಾಲುವೆ ಎಂದೇ ಹೆಸರು. ಅಲ್ಲಿಂದ ಮೂರು ಕವಲು: ಒಂದು ಗುದದ್ವಾರಕ್ಕೆ, ಒಂದು ಗುದದ್ವಾರಕ್ಕೂ ಜನನಾಂಗಕ್ಕೂ ನಡುವಿನ ಭಾಗಕ್ಕೆ ಮತ್ತು ಯೋನಿಯ ತುಟಿ ಅಥವಾ ವೃಷಣದ ಚೀಲಕ್ಕೆ, ಇನ್ನೊಂದು ಹೆಂಗಸರಲ್ಲಿ ಚಂದ್ರನಾಡಿಗೆ, ಗಂಡಸರಲ್ಲಿ ಶಿಶ್ನಕ್ಕೆ. ಸ್ಪರ್ಶ ತಿಳಿಯುವುದಷ್ಟೇ ಅಲ್ಲ, ಮಲ ಮೂತ್ರ ತಡೆಹಿಡಿಯುವ ಸ್ನಾಯುಗಳಿಗೆ ಅಪ್ಪಣೆ ಒಯ್ಯುವುದೂ ಇದೇ ನರ.

ದಾರಿಯ ಇಕ್ಕಟ್ಟು ಎಲ್ಲಿದೆ ನೋಡಿ. ಅಸ್ಥಿರಜ್ಜುಗಳ ಸಂದಿ ಒಂದು, ಆಲ್ಕಾಕ್ ಕಾಲುವೆ ಇನ್ನೊಂದು. ನರ ಒತ್ತಿಕೊಳ್ಳುವುದು, ಎಳೆದುಕೊಳ್ಳುವುದು ಹೆಚ್ಚಾಗಿ ಈ ಎರಡು ಕಡೆ. ಆದರೆ ಉರಿ ಗೊತ್ತಾಗುವುದು ಕವಲುಗಳ ತುದಿಯಲ್ಲಿ. ಮದ್ದೂರು, ಮಳವಳ್ಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಶ್ವೇಶ್ವರಯ್ಯ ನಾಲೆಯಲ್ಲಿ ಮೇಲೆಲ್ಲೋ ಅಡ್ಡಿಯಾದರೆ ಒಣಗುವುದು ಕೊನೆಭಾಗದ ಗದ್ದೆ. ಗದ್ದೆಯ ಬದುವಿನಲ್ಲಿ ನಿಂತು ಗುದ್ದಲಿ ಹಾಕಿದರೆ ನೀರು ಬರುವುದಿಲ್ಲ. ಗುದದ್ವಾರಕ್ಕೆ ಮುಲಾಮು ಹಚ್ಚಿದರೆ ಈ ಉರಿ ಹೋಗದಿರುವುದೂ ಅದಕ್ಕೇ.

ನರಕ್ಕೆ ಯಾಕೆ ತೊಂದರೆಯಾಗುತ್ತದೆ? ಕಾರಣ ಹಲವು. ವರ್ಷಗಟ್ಟಲೆ ಮಲಬದ್ಧತೆಯಿಂದ ಮುಕ್ಕುವುದು, ಕಷ್ಟದ ಹೆರಿಗೆ, ಕುಂಡೆಯ ಮೇಲೆ ಜಾರಿ ಬೀಳುವುದು, ಗರ್ಭಕೋಶ ಜಾರಿದ್ದಕ್ಕೆ ಮಾಡಿದ ಕೆಲವು ಶಸ್ತ್ರಚಿಕಿತ್ಸೆ, ಇಡೀ ದಿನ ಕೂತೇ ಇರುವ ಕೆಲಸ. ಸೈಕಲ್ ಕೂಡ ಹೌದು. ಫ್ರಾನ್ಸಿನಲ್ಲಿ 1987ರಲ್ಲಿ ಈ ತೊಂದರೆಯನ್ನು ವೈದ್ಯರು ಮೊದಲು ಬರೆದಿಟ್ಟಾಗ ಅದನ್ನು ಸೈಕಲ್ ಸವಾರರ ಕಾಯಿಲೆ ಎಂದೇ ಗುರುತಿಸಿದ್ದರು, ಏಕೆಂದರೆ ಸೀಟಿನ ಚೂಪು ಮೂತಿ ಒತ್ತುವುದು ಸರಿಯಾಗಿ ಈ ನರದ ದಾರಿಯನ್ನೇ. ಭಾನುವಾರ ಬೆಳಗ್ಗೆ ಚಾಮುಂಡಿ ಬೆಟ್ಟ ಹತ್ತುವ ಹುಡುಗರು “ಆಮೇಲೆ ಸ್ವಲ್ಪ ಹೊತ್ತು ಕೆಳಗೆ ಜೋಮು ಹಿಡಿದಿರುತ್ತೆ” ಎಂದು ನಕ್ಕು ಸುಮ್ಮನಾಗುತ್ತಾರೆ. ಆ ಜೋಮು ನರ ಕೊಡುವ ಮೊದಲ ಎಚ್ಚರಿಕೆ. ಸೀಟು ಬದಲಿಸಿ, ನಡುವೆ ಇಳಿದು ನಡೆಯಿರಿ. ಜೋಮು ನಿಲ್ಲದಿದ್ದರೆ ಸೈಕಲ್ ನಿಲ್ಲಿಸಿ.

ಇನ್ನೊಂದು ಕಾರಣ ಒಳಗೇ ಇರುತ್ತದೆ. ಹೊಟ್ಟೆಯ ತಳದಲ್ಲಿ ಜೋಳಿಗೆಯ ಹಾಗೆ ಕಟ್ಟಿರುವ ಸ್ನಾಯುಗಳಿವೆ, ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ. ಮೂತ್ರಕೋಶ, ಗರ್ಭಕೋಶ, ಗುದನಾಳ ಎಲ್ಲವನ್ನೂ ಹೊತ್ತಿರುವುದು ಇವೇ. ನೋವಿಗೋ ಆತಂಕಕ್ಕೋ ಈ ಜೋಳಿಗೆ ಬಿಗಿದುಕೊಂಡು ಬಿಡಿಸಿಕೊಳ್ಳದೇ ಹೋದರೆ, ಪಕ್ಕದಲ್ಲೇ ಹಾದುಹೋಗುವ ನರ ಹಿಂಡಿಹೋಗುತ್ತದೆ. ನರ ನೊಂದಷ್ಟೂ ಸ್ನಾಯು ಬಿಗಿಯುತ್ತದೆ, ಸ್ನಾಯು ಬಿಗಿದಷ್ಟೂ ನರ ನೋಯುತ್ತದೆ.

ಡಾಕ್ಟರ ಮುಂದೆ ಏನು ಹೇಳಬೇಕು

ಈ ಕಾಯಿಲೆಯನ್ನು ಯಾವ ರಕ್ತಪರೀಕ್ಷೆಯೂ ತೋರಿಸುವುದಿಲ್ಲ. ಎಂಆರ್‌ಐ ಸಾಮಾನ್ಯವಾಗಿ ಸರಿಯಾಗಿಯೇ ಬರುತ್ತದೆ. ಅದನ್ನು ಮಾಡಿಸುವುದು ಗೆಡ್ಡೆಯಂಥ ಬೇರೆ ಕಾರಣ ಇಲ್ಲವೆಂದು ಖಚಿತಪಡಿಸಿಕೊಳ್ಳಲು. ಚಿಕ್ಕಮ್ಮನ ಸ್ಕ್ಯಾನಿನಲ್ಲಿ ಉಬ್ಬಿದ್ದ ಡಿಸ್ಕ್ ಸೊಂಟದ ನಾಲ್ಕನೇ ಐದನೇ ಮೂಳೆಗಳ ನಡುವಿನದು. ವಯಸ್ಸಾದ ಎಷ್ಟೋ ಜನರಲ್ಲಿ ಯಾವ ನೋವೂ ಇಲ್ಲದೆಯೇ ಅಂಥ ಉಬ್ಬು ಕಾಣುತ್ತದೆ. ಅವರು ಬೆಲ್ಟ್ ಕಟ್ಟಿಕೊಂಡು ತಿಂಗಳುಗಟ್ಟಲೆ ಓಡಾಡಿದ್ದು ವ್ಯರ್ಥವೇ ಆಯಿತು.

ಹಾಗಾಗಿ ಇಲ್ಲಿ ರೋಗಿಯ ಮಾತೇ ದೊಡ್ಡ ಪರೀಕ್ಷೆ. ಫ್ರಾನ್ಸಿನ ನಾಂಟ್ ನಗರದ ವೈದ್ಯರ ತಂಡ 2008ರಲ್ಲಿ ಪ್ರಕಟಿಸಿದ ಐದು ಲಕ್ಷಣಗಳನ್ನೇ ಇವತ್ತಿಗೂ ಎಲ್ಲ ಕಡೆ ನೋಡುತ್ತಾರೆ. ನೋವು ಈ ನರದ ಸೀಮೆಯಲ್ಲಿರಬೇಕು, ಅಂದರೆ ಗುದದ್ವಾರದಿಂದ ಜನನಾಂಗದವರೆಗೆ. ಕೂತಾಗ ಹೆಚ್ಚಾಗಬೇಕು. ರಾತ್ರಿ ನಿದ್ದೆಯಿಂದ ಎಬ್ಬಿಸುವಂಥದ್ದಾಗಿರಬಾರದು. ಮುಟ್ಟಿ ನೋಡಿದಾಗ ಸ್ಪರ್ಶಜ್ಞಾನ ಹೋಗಿರಬಾರದು. ಐದನೆಯದು, ನರದ ಹತ್ತಿರ ಮರಗಟ್ಟಿಸುವ ಸೂಜಿ ಕೊಟ್ಟರೆ ನೋವು ಇಳಿಯಬೇಕು. ಇವುಗಳ ಜೊತೆ, ಒಳಗೆ ಏನೋ ಸಿಕ್ಕಿಕೊಂಡಿದೆ ಅನ್ನಿಸುವುದು, ಮಲವಿಸರ್ಜನೆ ಆದಮೇಲೆ ಸ್ವಲ್ಪ ಹೊತ್ತು ಬಿಟ್ಟು ನೋವು ಏರುವುದು, ಬೆಳಗ್ಗೆ ಕಮ್ಮಿಯಿದ್ದು ಸಂಜೆಗೆ ಹೆಚ್ಚಾಗುವುದು, ಬಿಗಿ ಒಳಉಡುಪು ತಾಗಿದರೆ ಆಗದಿರುವುದು, ಇವೆಲ್ಲ ಬಲ ಕೊಡುವ ಸುಳಿವುಗಳು.

ಕುರ್ಚಿಯ ಮೇಲೆ ಕೂತರೆ ನೋವು, ಕಮೋಡಿನ ಮೇಲೆ ಕೂತರೆ ಇಲ್ಲ ಅನ್ನುವುದು ಪುಸ್ತಕಗಳಲ್ಲಿ ಬರುವ ಬಹಳ ಬೆಲೆಯುಳ್ಳ ಸುಳಿವು. ಕಮೋಡಿನಲ್ಲಿ ನಡುಭಾಗಕ್ಕೆ ಒತ್ತಡ ಬೀಳುವುದಿಲ್ಲವಲ್ಲ. ಚಿಕ್ಕಮ್ಮನ ಮನೆಯಲ್ಲಿ ಕಮೋಡೇ ಇಲ್ಲ. ಅವರನ್ನು ನಾನು ಬೇರೆ ಥರ ಕೇಳಿದೆ: ಕುಕ್ಕರಗಾಲಲ್ಲಿ ಕೂತು ಪಾತ್ರೆ ತೊಳೆಯುವಾಗ ಹೇಗಿರುತ್ತೆ? “ಆವಾಗೇನಿಲ್ಲ.” ಈಳಿಗೆಮಣೆ ಮೇಲೆ ಕೂತು ಸೊಪ್ಪು ಹೆಚ್ಚುವಾಗ? “ಅಯ್ಯೋ, ಅದ್ರ ಮ್ಯಾಲೆ ಕುಂತು ಎಷ್ಟು ತಿಂಗ್ಳಾಯ್ತೋ.” ನೆಲದಿಂದ ಎರಡು ಬೆರಳು ಎತ್ತರದ ಮರದ ಹಲಗೆ, ಭಾರವೆಲ್ಲ ಅದರ ಮೇಲೆ. ಎರಡರಲ್ಲೂ ಸೊಂಟ ಮಂಡಿ ಮಡಿಚಿರುವುದು ಒಂದೇ ರೀತಿ, ವ್ಯತ್ಯಾಸ ಕೆಳಗಿನ ಒತ್ತಡ ಮಾತ್ರ. ಆ ಉತ್ತರ ಕೇಳಿದ ಮೇಲೆಯೇ ನಾನು ಅವರನ್ನು ಮೈಸೂರಿಗೆ ಕರೆತಂದೆ.

ಮೊದಲ ಭೇಟಿಗೆ ಹೋಗುವವರು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ನೋವು ಎಲ್ಲಿ, ಕೂತ ಎಷ್ಟು ನಿಮಿಷಕ್ಕೆ ಶುರು, ಏನು ಮಾಡಿದರೆ ಇಳಿಯುತ್ತದೆ, ಮಲ ಮೂತ್ರ ಸಂಭೋಗದ ಹೊತ್ತಿಗೆ ಹೇಗಿರುತ್ತದೆ. ಬಾಯಲ್ಲಿ ಹೇಳಲಾಗದಿದ್ದರೆ ಹಾಳೆ ಕೊಟ್ಟರೆ ಸಾಕು. ಹೆಂಗಸರು ಸ್ತ್ರೀರೋಗ ತಜ್ಞರಿಂದ, ಗಂಡಸರು ಮೂತ್ರಾಂಗ ತಜ್ಞರಿಂದ ಶುರುಮಾಡಬಹುದು. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪೊರೆಯಂಥದ್ದು ಅದರ ಹೊರಗೆ ಬೆಳೆಯುವ ಕಾಯಿಲೆ), ಗಂಡಸರ ಪ್ರಾಸ್ಟೇಟ್ ಗ್ರಂಥಿಯ ತೊಂದರೆ, ಮೂತ್ರಕೋಶದ ನೋವು, ಬಿರುಕು, ಸರ್ಪಸುತ್ತು ಇವೆಲ್ಲ ಇದೇ ವೇಷದಲ್ಲಿ ಬರಬಲ್ಲವು, ಅವನ್ನು ಮೊದಲು ತಳ್ಳಿಹಾಕಬೇಕು. ಆಮೇಲೆ ನೋವು ಚಿಕಿತ್ಸಾ ತಜ್ಞರು, ಅಂದರೆ ಪೇನ್ ಕ್ಲಿನಿಕ್. ಇವರಲ್ಲಿ ಹೆಚ್ಚಿನವರು ಅರಿವಳಿಕೆ ಶಾಸ್ತ್ರ ಓದಿದವರು.

ಕೆಲವು ಲಕ್ಷಣಗಳಿದ್ದರೆ ಮಾತ್ರ ಹಾಳೆ ಬರೆಯುತ್ತ ಕೂರಬೇಡಿ. ಕುದುರೆ ಏರಿ ಕೂತರೆ ಜೀನು ತಾಗುವಷ್ಟು ಜಾಗ ಇದ್ದಕ್ಕಿದ್ದಂತೆ ಮರಗಟ್ಟಿಹೋಗುವುದು, ಮೂತ್ರ ಬಾರದೆ ಕಟ್ಟಿಕೊಳ್ಳುವುದು, ಮಲ ಮೂತ್ರ ಗೊತ್ತಿಲ್ಲದೆ ಹೋಗುವುದು, ಕಾಲುಗಳ ಬಲ ಕುಗ್ಗುವುದು. ಇದು ಬೆನ್ನುಹುರಿಯ ಬುಡದ ನರಗಳ ಗೊಂಚಲೇ ಒತ್ತಿಹೋದ ಗುರುತಾಗಿರಬಹುದು. ಅದೇ ಗಂಟೆಯಲ್ಲಿ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು, ಮೈಸೂರಿನಲ್ಲಾದರೆ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಾದರೆ ಮಿಮ್ಸ್. ರಾತ್ರಿ ನಿದ್ದೆ ಕೆಡಿಸುವ ನೋವು, ಜ್ವರ, ಮೈ ಇಳಿಯುವುದು, ಮಲದಲ್ಲಿ ಮೂತ್ರದಲ್ಲಿ ರಕ್ತ ಇದ್ದರೂ ತಡಮಾಡಬಾರದು.

ಮೊದಲು ನರದ ಮೇಲಿನ ಭಾರ ಇಳಿಸಿ

ಚಿಕಿತ್ಸೆ ಎಂದರೆ ಎಲ್ಲರಿಗೂ ಮಾತ್ರೆ ಅಥವಾ ಆಪರೇಷನ್ ಎಂಬ ಲೆಕ್ಕ. ಈ ನೋವಿನಲ್ಲಿ ಮೊದಲ ಮದ್ದು ನರವನ್ನು ದಿನವಿಡೀ ಜಜ್ಜುವುದನ್ನು ನಿಲ್ಲಿಸುವುದು. ಉಳಿದ ಚಿಕಿತ್ಸೆ ಎಷ್ಟು ದುಬಾರಿಯದಾದರೂ, ಇದೊಂದು ಮಾಡದಿದ್ದರೆ ನಿಲ್ಲುವುದಿಲ್ಲ ಅನ್ನುವುದು ನಾನು ಕಂಡ ಮಾತು.

ಕೂರುವುದಕ್ಕೆ ನಡುವೆ ಜಾಗ ಬಿಟ್ಟ ದಿಂಬು ಬೇಕು. ಅಂಗಡಿಯಲ್ಲಿ ಸಿಗುವ ಗಾಳಿ ತುಂಬಿದ ದುಂಡನೆಯ ಟ್ಯೂಬು ಇದಕ್ಕೆ ಅಷ್ಟು ಒಳ್ಳೆಯದಲ್ಲ. ಅದರ ಮೇಲೆ ಕೂತರೆ ನಡುಭಾಗ ಕೆಳಕ್ಕೆ ಜೋತು ಇನ್ನಷ್ಟು ಎಳೆಯುತ್ತದೆ. ಬೇಕಾದದ್ದು ಎರಡೂ ಕೂರುಮೂಳೆಗಳಿಗೆ ಆಸರೆ ಕೊಟ್ಟು ಮಧ್ಯೆ ಖಾಲಿ ಬಿಡುವಂಥದ್ದು. ಚಿಕ್ಕಮ್ಮನಿಗೆ ನಾವು ಮಾಡಿಕೊಟ್ಟದ್ದು ಸುಲಭದ್ದು: ಎರಡು ದಪ್ಪ ಟವೆಲ್, ಒಂದೊಂದನ್ನೂ ಉದ್ದಕ್ಕೆ ಮಡಚಿ ನಾಲ್ಕು ಬೆರಳು ಎತ್ತರ ಮಾಡಿ, ಎಡ ಪೃಷ್ಠದ ಕೆಳಗೊಂದು ಬಲದ ಕೆಳಗೊಂದು, ನಡುವೆ ಒಂದು ಗೇಣಿಗಿಂತ ಕಮ್ಮಿ ಜಾಗ. ಮೊದಲ ಸಲ ಹಾಗೆ ಕೂತಾಗ ಅವರು ಮಾತಾಡಲಿಲ್ಲ. ಎರಡೂ ಕೈಯನ್ನು ಕುರ್ಚಿಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. ಆ ಕೈಗಳು ಎರಡು ವರ್ಷ ಅವರ ಮೈಭಾರ ಹೊತ್ತಿದ್ದವು.

ಇಪ್ಪತ್ತು ನಿಮಿಷಕ್ಕೊಮ್ಮೆ ಏಳಬೇಕು. ಕಂಪ್ಯೂಟರ್ ಕೆಲಸದವರು ನಿಂತು ಮಾಡುವ ಮೇಜು ಕೇಳಿ ಪಡೆಯಿರಿ. ಬೆಂಗಳೂರಿಗೆ ದಿನಾ ಓಡಾಡುವವರು ರೈಲಿನಲ್ಲಾದರೆ ನಡುವೆ ಎದ್ದು ಓಡಾಡಬಹುದು, ಬಸ್ಸಿನಲ್ಲಿ ಅದಾಗುವುದಿಲ್ಲ. ಭಾರ ಎತ್ತಿ ಕುಕ್ಕರಿಸುವ ಜಿಮ್ ಕಸರತ್ತು ಸದ್ಯಕ್ಕೆ ಬೇಡ. ನಡೆಯುವುದು ಒಳ್ಳೆಯದು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಸಮತಟ್ಟಾದ ದಾರಿಯಲ್ಲಿ ನಡೆದರೆ ನರಕ್ಕೆ ತೊಂದರೆಯಿಲ್ಲ, ಮನಸ್ಸಿಗೂ ಹಿತ.

ಇದಕ್ಕಿಂತ ಮುಖ್ಯವಾದದ್ದು ಹೊಟ್ಟೆ. ಮುಕ್ಕುವಾಗ ಹೊಟ್ಟೆಯ ತಳ ಕೆಳಕ್ಕೆ ಇಳಿದು ಈ ನರ ತಂತಿಯ ಹಾಗೆ ಎಳೆದುಕೊಳ್ಳುತ್ತದೆ. ಆದ್ದರಿಂದ ಮುಕ್ಕಲೇಬಾರದು. ಮಲ ತಾನಾಗಿ ಜಾರುವಷ್ಟು ಮೆತ್ತಗಿರಬೇಕು. ರಾಗಿ ಮುದ್ದೆ, ಸೊಪ್ಪಿನ ಸಾರು, ಹುರುಳಿ, ಅವರೆ ನಮ್ಮ ಕಡೆ ಹೇಗೂ ಉಣ್ಣುತ್ತೇವೆ. ಸಾಲದಿದ್ದರೆ ರಾತ್ರಿ ಇಸಬಗೋಲು, ಅದರ ಜೊತೆ ತುಂಬ ನೀರು. ನೀರು ಕಮ್ಮಿ ಕುಡಿದರೆ ಇಸಬಗೋಲೇ ಕಟ್ಟಿಕೊಳ್ಳುತ್ತದೆ. ಅದೂ ಸಾಲದಿದ್ದರೆ ವೈದ್ಯರನ್ನು ಕೇಳಿ ಲ್ಯಾಕ್ಟುಲೋಸ್‌ನಂಥದ್ದು. ಶೌಚಾಲಯಕ್ಕೆ ಫೋನ್ ಒಯ್ದು ಅರ್ಧ ಗಂಟೆ ಕೂರುವ ಅಭ್ಯಾಸ ಬಿಡಬೇಕು.

ಆಮೇಲೆ ಫಿಸಿಯೋಥೆರಪಿ. ಇಲ್ಲೊಂದು ತಪ್ಪು ಬಹಳ ನಡೆಯುತ್ತದೆ. ಹೆಂಗಸರಿಗೆ ಕೆಳಗಿನ ತೊಂದರೆ ಅಂದ ತಕ್ಷಣ ಕೀಗಲ್ ವ್ಯಾಯಾಮ ಮಾಡಿ ಎನ್ನುತ್ತಾರೆ, ಅಂದರೆ ಮೂತ್ರ ತಡೆಹಿಡಿದ ಹಾಗೆ ಬಿಗಿಹಿಡಿದು ಬಿಡುವುದು. ಸ್ನಾಯು ಸಡಿಲಾಗಿ ಕೆಮ್ಮಿದರೆ ಮೂತ್ರ ಹೋಗುವವರಿಗೆ ಅದು ಸರಿ. ಸ್ನಾಯು ಈಗಾಗಲೇ ಬಿಗಿದುಕೊಂಡಿರುವವರಿಗೆ ಅದೇ ವಿಷ. ಇವರು ಕಲಿಯಬೇಕಾದದ್ದು ಬಿಡುವುದನ್ನು. ಅಂಗಾತ ಮಲಗಿ, ಕಾಲುಗಳನ್ನು ಕುರ್ಚಿಯ ಮೇಲಿಟ್ಟು, ಹೊಟ್ಟೆಯ ಮೇಲೆ ಕೈಯಿಟ್ಟು, ಮೂಗಿನಿಂದ ನಿಧಾನ ಉಸಿರು ಎಳೆದುಕೊಂಡಾಗ ಹೊಟ್ಟೆ ಉಬ್ಬಬೇಕು. ಆಗ ಎದೆಯ ಕೆಳಗಿನ ವಪೆ ಕೆಳಗಿಳಿಯುತ್ತದೆ, ಜೊತೆಗೆ ತಳದ ಜೋಳಿಗೆಯೂ ಇಳಿದು ಸಡಿಲಾಗುತ್ತದೆ. ಉಸಿರು ಬಿಡುವಾಗ ಏನನ್ನೂ ಎಳೆದುಕೊಳ್ಳಬಾರದು. ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ. ಹೇಳಲು ಸುಲಭ, ಚಿಕ್ಕಮ್ಮನಿಗೆ ಅದು ಕೈಗೆ ಹತ್ತಲು ಮೂರು ವಾರವಾಯಿತು.

ಈ ಭಾಗದ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಕೈಗವಸು ಹಾಕಿಕೊಂಡು ಯೋನಿ ಅಥವಾ ಗುದದ್ವಾರದ ಮೂಲಕ ಬೆರಳಿಟ್ಟು, ಗಂಟುಕಟ್ಟಿದ ಸ್ನಾಯುವನ್ನು ಹುಡುಕಿ ಮೆಲ್ಲನೆ ಒತ್ತಿ ಬಿಡಿಸುತ್ತಾರೆ. ಇದನ್ನು ಮೊದಲೇ ವಿವರಿಸಿ, ನಿಮ್ಮ ಒಪ್ಪಿಗೆ ಪಡೆದೇ ಮಾಡಬೇಕು. ಹೆಂಗಸರಿಗೆ ಹೆಂಗಸರೇ ಬೇಕೆಂದು ಕೇಳುವ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗುವ, ನಡುವೆ ಬೇಡ ಎನ್ನುವ ಹಕ್ಕು ನಿಮಗಿದೆ. ಈ ಚಿಕಿತ್ಸೆಗೆ ಒಳ್ಳೆಯ ಆಧಾರವೂ ಇದೆ. 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಮೂತ್ರಕೋಶದ ನೋವಿನ ಜೊತೆ ತಳದ ಸ್ನಾಯು ನೋಯುತ್ತಿದ್ದ 81 ಹೆಂಗಸರನ್ನು ಎರಡು ಗುಂಪು ಮಾಡಿದ್ದರು. ಸ್ನಾಯು ಬಿಡಿಸುವ ಈ ಚಿಕಿತ್ಸೆ ಪಡೆದವರಲ್ಲಿ ಶೇ. 59 ಮಂದಿಗೆ ಗುಣ ಕಂಡಿತು, ಮೈಗೆಲ್ಲ ಸಾಧಾರಣ ಮಾಲೀಸು ಪಡೆದವರಲ್ಲಿ ಶೇ. 26 ಮಂದಿಗೆ. ಅವರದು ಇದೇ ಕಾಯಿಲೆಯಲ್ಲ, ಆದರೆ ಬಿಗಿದ ಸ್ನಾಯುವಿನ ಕತೆ ಎರಡರಲ್ಲೂ ಒಂದೇ.

ಮಾತ್ರೆಗಳ ಬಗ್ಗೆ

ನನ್ನ ಕಸುಬು ಇದೇ ಆದ್ದರಿಂದ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ಯಾರಸಿಟಮಾಲ್, ಡೈಕ್ಲೋಫೆನಾಕ್ ನರದ ಉರಿಗೆ ಹೆಚ್ಚು ಕೆಲಸ ಮಾಡುವುದಿಲ್ಲ. ದಿನಾ ಡೈಕ್ಲೋಫೆನಾಕ್ ನುಂಗಿದರೆ ಹೊಟ್ಟೆ, ಕಿಡ್ನಿ ಹಾಳು. ನರದ ನೋವಿಗೆ ಕೊಡುವುದು ಬೇರೆಯೇ ಮಾತ್ರೆಗಳು: ಅಮಿಟ್ರಿಪ್ಟಿಲಿನ್, ನಾರ್ಟ್ರಿಪ್ಟಿಲಿನ್, ಡುಲೋಕ್ಸೆಟಿನ್, ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್.

ಚೀಟಿ ಒಯ್ದವರು ಮಾರನೇ ದಿನ ವಾಪಸ್ ಬರುವುದು ಇವುಗಳಿಗೇ. ಮಗ ಫೋನಿನಲ್ಲಿ ನೋಡಿ ಇದು ಖಿನ್ನತೆಯ ಮಾತ್ರೆ ಎಂದಿರುತ್ತಾನೆ. “ನಂಗೇನು ತಲೆ ಕೆಟ್ಟಿದ್ಯಾ ಮೇಡಂ?” ಎಂದು ಕಣ್ಣಲ್ಲಿ ನೀರು ತುಂಬಿಕೊಂಡು ಕೇಳುತ್ತಾರೆ. ಇಲ್ಲ. ಅಮಿಟ್ರಿಪ್ಟಿಲಿನ್ ಖಿನ್ನತೆಗೆಂದೇ ಬಂದದ್ದು ನಿಜ, ಆದರೆ ನೋವಿಗೆ ಕೊಡುವುದು ರಾತ್ರಿ 10 ಮಿಲಿಗ್ರಾಂನಿಂದ ಶುರುಮಾಡಿ, ಖಿನ್ನತೆಗೆ ಕೊಡುವುದಕ್ಕಿಂತ ಬಹಳ ಕಮ್ಮಿ ಪ್ರಮಾಣದಲ್ಲಿ. ಅದು ನರಗಳ ನಡುವಿನ ನೋವಿನ ಸುದ್ದಿಯನ್ನು ತಗ್ಗಿಸುತ್ತದೆ. ಒಂದೇ ರಾತ್ರಿಯಲ್ಲಿ ಅಲ್ಲ, ಕೆಲವು ವಾರ ಹಿಡಿಯುತ್ತದೆ. ನಾಲ್ಕು ದಿನಕ್ಕೆ ಬಿಟ್ಟವರಿಗೆ ಸಿಕ್ಕುವುದು ಅಡ್ಡಪರಿಣಾಮ ಮಾತ್ರ: ಬಾಯಿ ಒಣಗುವುದು, ಮಂಪರು, ಮಲಬದ್ಧತೆ. ಕೊನೆಯದನ್ನು ಗಮನಿಸಿ. ಮುಕ್ಕಬಾರದ ಕಾಯಿಲೆಗೆ ಮಲ ಕಟ್ಟುವ ಮಾತ್ರೆ. ಹಾಗಾಗಿ ಈ ಮಾತ್ರೆ ಕೊಡುವಾಗ ಮಲ ಮೆತ್ತಗಾಗಿಸುವುದಕ್ಕೂ ಏನಾದರೂ ಬರೆದಿದ್ದಾರೆಯೇ ಎಂದು ನಾನು ಚೀಟಿಯನ್ನು ಇನ್ನೊಮ್ಮೆ ನೋಡುತ್ತೇನೆ. ಹೃದಯದ ತೊಂದರೆ, ಗ್ಲಾಕೋಮಾ ಎಂಬ ಕಣ್ಣಿನ ಒತ್ತಡದ ಕಾಯಿಲೆ, ಪ್ರಾಸ್ಟೇಟ್ ದಪ್ಪಗಾಗಿ ಮೂತ್ರ ಕಟ್ಟುವವರು ಅಮಿಟ್ರಿಪ್ಟಿಲಿನ್‌ಗೆ ಮೊದಲೇ ಡಾಕ್ಟರಿಗೆ ತಿಳಿಸಬೇಕು.

ಪ್ರೀಗ್ಯಾಬಲಿನ್, ಗ್ಯಾಬಪೆಂಟಿನ್‌ನಿಂದ ತಲೆಸುತ್ತು, ಕಾಲು ಊತ, ಮೈ ಬರುವುದು ಆಗಬಹುದು. ಕಿಡ್ನಿ ಮೂಲಕವೇ ಹೊರಹೋಗುವ ಮದ್ದಾದ್ದರಿಂದ ಕಿಡ್ನಿ ದುರ್ಬಲವಿದ್ದರೆ ಪ್ರಮಾಣ ಇಳಿಸಬೇಕು. ಇದ್ದಕ್ಕಿದ್ದಂತೆ ನಿಲ್ಲಿಸಬಾರದು. ಗ್ಯಾಬಪೆಂಟಿನ್ ಬಗ್ಗೆ ಒಂದು ಎಚ್ಚರದ ಮಾತೂ ಇದೆ. ಬ್ರಿಟನ್ನಿನಲ್ಲಿ ಕಾರಣ ಸಿಗದ ದೀರ್ಘಕಾಲದ ಕೆಳಹೊಟ್ಟೆ ನೋವಿದ್ದ 306 ಹೆಂಗಸರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದು ಮದ್ದಿಲ್ಲದ ಹುಸಿ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚಿತ್ತು. ನರದ್ದೇ ನೋವು ಎಂದು ಗುರುತಾದವರ ಮಾತು ಬೇರೆ. ಕೆಳಹೊಟ್ಟೆ ನೋವು ಅಂದವರಿಗೆಲ್ಲ ಇದನ್ನು ಬರೆಯುವುದು ಸರಿಯಲ್ಲ ಅನ್ನುವುದಂತೂ ಅಲ್ಲಿಗೆ ಸ್ಪಷ್ಟವಾಯಿತು. ನಮ್ಮಲ್ಲಿ ಪ್ರೀಗ್ಯಾಬಲಿನ್, ನಾರ್ಟ್ರಿಪ್ಟಿಲಿನ್, ಬಿ12 ಒಟ್ಟಿಗೆ ಬೆರೆಸಿದ ಮಾತ್ರೆಗಳು ಹೇರಳ. ಬೆರೆತದ್ದರಲ್ಲಿ ಒಂದನ್ನು ಮಾತ್ರ ಹೆಚ್ಚಿಸಲು, ಇಳಿಸಲು ಆಗುವುದಿಲ್ಲ. ಯಾವುದರಿಂದ ಗುಣ, ಯಾವುದರಿಂದ ತೊಂದರೆ ಎಂದೂ ತಿಳಿಯುವುದಿಲ್ಲ. ಬಿಡಿ ಮಾತ್ರೆಯಲ್ಲೇ ಬರೆದುಕೊಡಿ ಎಂದು ಕೇಳುವುದು ತಪ್ಪಲ್ಲ.

ಮಾತ್ರೆ ಬರೆಯುವುದಕ್ಕೆ ಇನ್ನೊಂದು ಕಾರಣ ಮಿದುಳಿನಲ್ಲಿದೆ. ಒಮ್ಮೆ ಕಲ್ಲೇಟು ತಿಂದ ಬೀದಿನಾಯಿ ಆಮೇಲೆ ಯಾರು ಸುಮ್ಮನೆ ಬಗ್ಗಿದರೂ ಕುಂಯ್‌ಗುಟ್ಟುತ್ತದೆ. ತಿಂಗಳುಗಟ್ಟಲೆ ನೋವು ಕೇಳಿದ ಬೆನ್ನುಹುರಿ, ಮಿದುಳು ಕೂಡ ಹಾಗೇ ಆಗುತ್ತವೆ. ಬಟ್ಟೆ ತಾಗಿದ್ದೂ ಬೆಂಕಿಯಾಗಿ ಕೇಳುತ್ತದೆ. ನೋವು ಸುಳ್ಳು ಎಂದಲ್ಲ, ನೋವಿನ ಧ್ವನಿವರ್ಧಕ ಏರಿದೆ. ನಿದ್ದೆ ಕೆಟ್ಟರೆ, ಭಯ ಹೆಚ್ಚಾದರೆ ಅದು ಇನ್ನಷ್ಟು ಏರುತ್ತದೆ. ನೋವಿಗೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೋಡಿ ಎಂದರೆ ಅರ್ಥ ಇದು. ಗಂಡ ಹೆಂಡತಿ ಜೊತೆಯಾಗಿ ಹೋದರೆ ಇನ್ನೂ ಒಳ್ಳೆಯದು, ಏಕೆಂದರೆ ಈ ಕಾಯಿಲೆ ಹಾಸಿಗೆಯಲ್ಲೂ ಇಬ್ಬರ ನಡುವೆ ಬಂದು ಮಲಗಿರುತ್ತದೆ.

ಸೂಜಿ, ಆಮೇಲೆ ಕತ್ತಿ

ಇಷ್ಟಕ್ಕೂ ಬಗ್ಗದಿದ್ದರೆ ನರಕ್ಕೆ ಸೂಜಿ. ಎಕ್ಸ್‌ರೇ, ಸಿಟಿ ಅಥವಾ ಅಲ್ಟ್ರಾಸೌಂಡಿನಲ್ಲಿ ನೋಡುತ್ತ, ಆ ಮುಳ್ಳಿನಂಥ ಮೂಳೆತುದಿಯ ಬಳಿ ಅಥವಾ ಆಲ್ಕಾಕ್ ಕಾಲುವೆಗೆ ಮರಗಟ್ಟಿಸುವ ಮದ್ದು ಬಿಡುತ್ತಾರೆ. ಇದು ಚಿಕಿತ್ಸೆಯೂ ಹೌದು, ಪರೀಕ್ಷೆಯೂ ಹೌದು. ಸೂಜಿಯಾದ ಮೇಲೆ ಮನೆಗೆ ಹೋಗಿ ಮಲಗಬೇಡಿ, ನೋವು ತರುವ ಕುರ್ಚಿಯಲ್ಲೇ ಕೂತು ನೋಡಿ, ಗಂಟೆಗಂಟೆಗೆ ಬರೆದಿಡಿ. ಮದ್ದಿನ ಕಾವು ಇರುವ ಆ ಕೆಲವು ಗಂಟೆ ನೋವು ಇಲ್ಲದಿದ್ದರೆ ಮೂಲ ಆ ನರದ ಸೀಮೆಯಲ್ಲೇ ಇದೆ ಎಂದಾಯಿತು. ಸಂಜೆಗೆ ನೋವು ಮರಳಿ ಬಂದರೆ ಸೂಜಿ ಸೋತಿತು ಎಂದು ಅಳಬೇಕಾಗಿಲ್ಲ, ಅದು ಹೇಳಬೇಕಾದದ್ದನ್ನು ಹೇಳಿದೆ. ಮದ್ದಿನ ಜೊತೆ ಸ್ಟೀರಾಯ್ಡ್ ಸೇರಿಸುವ ರೂಢಿ ಬಹಳ ಕಡೆ ಇದೆ. ಫ್ರಾನ್ಸಿನಲ್ಲಿ 201 ರೋಗಿಗಳ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ಟೀರಾಯ್ಡ್ ಸೇರಿಸಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಸಕ್ಕರೆ ಕಾಯಿಲೆಯವರಿಗೆ ಸ್ಟೀರಾಯ್ಡಿನಿಂದ ಸಕ್ಕರೆ ಏರುವುದರಿಂದ ಇದನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಸೂಜಿಯಿಂದ ಗುಣ ಕಂಡರೂ ಅದು ಉಳಿಯದವರಿಗೆ ಪಲ್ಸ್ಡ್ ರೇಡಿಯೋಫ್ರೀಕ್ವೆನ್ಸಿ ಇದೆ. ಸೂಜಿಯ ತುದಿಯಿಂದ ಬಿಟ್ಟು ಬಿಟ್ಟು ವಿದ್ಯುತ್ ಅಲೆ ಕೊಡುತ್ತಾರೆ, ಬಿಸಿ 42 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿಕೊಳ್ಳುತ್ತಾರೆ. ನರವನ್ನು ಸುಡುವುದಿಲ್ಲ. ಮಲ ಮೂತ್ರ ಹಿಡಿಯುವ ನರವನ್ನು ಸುಡಲೂ ಬಾರದು. ಬಿಗಿದ ಸ್ನಾಯುವಿಗೆ ಬೊಟಾಕ್ಸ್ ಸೂಜಿಯೂ ಇದೆ, ಅದರ ಫಲಿತಾಂಶ ಒಬ್ಬೊಬ್ಬರಲ್ಲಿ ಒಂದೊಂದು ಥರ.

ಶಸ್ತ್ರಚಿಕಿತ್ಸೆ ನಿಜವಾಗಿಯೂ ನರ ಸಿಕ್ಕಿಕೊಂಡಿರುವವರಿಗೆ, ಬೇರೆಲ್ಲ ಮುಗಿದ ಮೇಲೆ. ಪೃಷ್ಠದ ಮೂಲಕ ಹೋಗಿ ಅಸ್ಥಿರಜ್ಜುವಿನ ಸಂದಿಯನ್ನೂ ಕಾಲುವೆಯನ್ನೂ ಬಿಡಿಸಿ ನರಕ್ಕೆ ಜಾಗ ಮಾಡುತ್ತಾರೆ. ಇದಕ್ಕೆ ಹೆಸರಾದ ನಾಂಟ್ ತಂಡವೇ 2005ರಲ್ಲಿ 32 ರೋಗಿಗಳ ಅಧ್ಯಯನ ಪ್ರಕಟಿಸಿತು. ವರ್ಷದ ಕೊನೆಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ. 71.4 ಮಂದಿಗೆ ಗುಣ, ಆಗದವರಲ್ಲಿ ಶೇ. 13.3. ಅಂಕಿ ಚೆನ್ನಾಗಿದೆ, ಆದರೆ ಗುಂಪು ಬಹಳ ಚಿಕ್ಕದು, ಮಾಡಿದವರು ಅದರಲ್ಲೇ ಪಳಗಿದ ಕೈಗಳು. ಮೂರನೇ ತಿಂಗಳಲ್ಲಿ ಗುಣ ಕಂಡದ್ದು ಅರ್ಧದಷ್ಟು ಮಂದಿಗೆ ಮಾತ್ರ. ನರ ಚೇತರಿಸಿಕೊಳ್ಳುವುದು ನಿಧಾನ, ಕೆಲವರಿಗೆ ವರ್ಷವೂ ಸಾಲದು. ನನ್ನನ್ನು ಕೇಳಿದರೆ, ಸೂಜಿಯ ಪರೀಕ್ಷೆಯೇ ಆಗದೆ, ಫಿಸಿಯೋಥೆರಪಿ ಕಾಣದೆ ನೇರ ಆಪರೇಷನ್‌ಗೆ ಒಪ್ಪಬೇಡಿ. ಸೇಕ್ರಮ್ ಬಳಿ ಅಥವಾ ಬೆನ್ನುಹುರಿಯ ತುದಿಯಲ್ಲಿ ಸಣ್ಣ ತಂತಿ ಇಟ್ಟು ವಿದ್ಯುತ್ತಿನಿಂದ ನೋವು ತಗ್ಗಿಸುವ ಸಾಧನಗಳೂ ಇವೆ, ದುಬಾರಿ, ಕೊನೆಯ ಮೆಟ್ಟಿಲು.

ಚಿಕ್ಕಮ್ಮ ಅಲ್ಲಿವರೆಗೆ ಹೋಗಬೇಕಾಗಲಿಲ್ಲ. ಅವರಿಗೆ ಇದು ಶುರುವಾದದ್ದು ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಇರಬೇಕು ಎಂದು ಡಾಕ್ಟರು ಹೇಳಿದರು, ಮಲಬದ್ಧತೆ ಮೊದಲಿಂದಲೂ ಇತ್ತು. ಎರಡು ಸಲ ಸೂಜಿಯಾಯಿತು, ಐದು ತಿಂಗಳು ಫಿಸಿಯೋಥೆರಪಿಗೆ ಬಂದರು, ರಾತ್ರಿಯ ಸಣ್ಣ ಮಾತ್ರೆ ಇನ್ನೂ ಇದೆ. ನೋವು ಪೂರ್ತಿ ಹೋಗಿಲ್ಲ. ಕಬ್ಬು ಕಟಾವಿನ ಹೊತ್ತಿಗೆ ಕೆಲಸ ಹೆಚ್ಚಾದರೆ ಏಳುತ್ತದೆ, ಎರಡು ದಿನ ಮಲಗಿ ಉಸಿರಾಟ ಮಾಡಿದರೆ ಇಳಿಯುತ್ತದೆ. ಮದ್ದೂರಿನಿಂದ ಮೈಸೂರಿಗೆ ಬಸ್ಸಿನಲ್ಲಿ ಕೂತೇ ಬರುತ್ತಾರೆ. ಕೈಚೀಲದಲ್ಲಿ ಬೆಲ್ಲ, ಅವರೆಕಾಯಿಯ ಜೊತೆ ಎರಡು ಟವೆಲ್ ಇರುತ್ತವೆ. ಹೋದ ತಿಂಗಳು ಬಂದಾಗ ಒಂದೇ ಇತ್ತು. ಇನ್ನೊಂದೆಲ್ಲಿ ಅಂತ ಕೇಳಿದೆ. ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಅವರ ಹಾಗೇ ಒಂದೇ ಪಕ್ಕಕ್ಕೆ ವಾಲಿ ಕೂತಿದ್ದಳಂತೆ. ಕೇಳಿದರಂತೆ, ಎಲ್ಲಿ ನೋವು ಅಂತ. ಮಡಚುವುದು ಹೇಗೆಂದು ತೋರಿಸಿ ಟವೆಲ್ ಅವಳಿಗೇ ಕೊಟ್ಟು, ಉಳಿದ ಒಂದನ್ನೇ ನಡುವೆ ಕತ್ತರಿಸಿ ಎರಡು ಮಾಡಿಕೊಡು ಅಂತ ನನ್ನ ಮುಂದೆ ಹಿಡಿದರು.